ವೈರಸ್ ಬೇರೆಯಾಗಿದೆ ಎಂದರೆ ಸಾಕೆ?

1994ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ಎಚ್‌ಐವಿ ಸೋಂಕಿತರ ಗುಲ್ಮವನ್ನು ಕೊಯ್ದು ಪರೀಕ್ಷಿಸಿದರು. ಗುಲ್ಮದ ಕೆಂಪು ತಿರುಳಿನ ನಡುವೆ ಸಣ್ಣ ಬಿಳಿ ಚುಕ್ಕೆಗಳಂತೆ ಕಾಣುವ ಭಾಗಗಳಿರುತ್ತವೆ. ರೋಗನಿರೋಧಕ ಕೋಶಗಳು ಗುಂಪುಗೂಡುವ ಜಾಗ ಅದು. ಒಂದೊಂದು ಚುಕ್ಕೆಯನ್ನೂ ಪ್ರತ್ಯೇಕವಾಗಿ ಎತ್ತಿ, ಅದರೊಳಗಿದ್ದ ಎಚ್‌ಐವಿಯ ಜೀನ್ ಅನುಕ್ರಮವನ್ನು ಓದಿದರು. ಒಂದು ಚುಕ್ಕೆಯಲ್ಲಿದ್ದ ವೈರಸ್ಸು ಪಕ್ಕದ ಚುಕ್ಕೆಯಲ್ಲಿದ್ದದ್ದಕ್ಕಿಂತ ಬೇರೆಯಾಗಿತ್ತು. ರಕ್ತ ಸದಾ ಹರಿಯುವ, ಕೋಶಗಳು ಬಂದು ಹೋಗುತ್ತಲೇ ಇರುವ ಒಂದೇ ಅಂಗದಲ್ಲಿ, ಮಿಲಿಮೀಟರುಗಳ ಅಂತರದಲ್ಲೇ ಹೀಗಾದರೆ ಮಿದುಳು, ಕರುಳು, ವೃಷಣಗಳಂಥ ಕಡೆ ಏನಿರಬಹುದು?

ಈ ಪ್ರಶ್ನೆಯ ಬೆನ್ನು ಹತ್ತಿದವರು ಬಹಳ ಮಂದಿ. ಮಿದುಳು, ವೀರ್ಯ, ಗರ್ಭಕಂಠ, ಎದೆಹಾಲು, ಶ್ವಾಸಕೋಶ, ಮೂತ್ರಪಿಂಡ, ಕರುಳು ಹೀಗೆ ಹುಡುಕಿದ ಕಡೆಯಲ್ಲೆಲ್ಲ ಯಾರಾದರೊಬ್ಬರಿಗೆ ರಕ್ತದಲ್ಲಿರುವುದಕ್ಕಿಂತ ಬೇರೆಯಾದ ಎಚ್‌ಐವಿ ಸಿಕ್ಕಿದೆ. ಅವುಗಳಲ್ಲಿ ಹಲವು ಕಡೆ ಇನ್ನೊಬ್ಬರು ಹುಡುಕಿದಾಗ ಸಿಕ್ಕಿಲ್ಲ. ಸಿಗದಿದ್ದದ್ದು ಯಾರಿಗೂ ಬೇಡ; ಸಿಕ್ಕಿದ್ದು ಸುದ್ದಿಯಾಗುತ್ತದೆ. ಔಷಧಿಯ ಕಣ್ಣು ತಪ್ಪಿಸಿ ವೈರಸ್ಸು ಅಂಗಾಂಗಗಳಲ್ಲಿ ಗುಟ್ಟಾಗಿ ಬೆಳೆಯುತ್ತಿದೆ ಎಂಬ ಅರ್ಥ ಹೊತ್ತುಕೊಂಡು ಅದು ದಿನವೂ ಮಾತ್ರೆ ನುಂಗುವವರ ಕಿವಿಗೆ ಬಿದ್ದು, ಇಷ್ಟು ವರ್ಷ ನುಂಗಿದ್ದೆಲ್ಲ ದಂಡವೇ ಎಂಬ ಅನುಮಾನ ಹುಟ್ಟಿಸುತ್ತದೆ.

ನನ್ನ ತಕರಾರು ಈ ಜಿಗಿತದ ಬಗ್ಗೆ. ಎರಡು ಅಂಗಾಂಶಗಳ ವೈರಸ್ಸುಗಳು ಬೇರೆಯಾಗಿ ಕಂಡವು ಎಂಬುದು ಕಣ್ಣಿಗೆ ಕಂಡ ಸಂಗತಿ. ಅಲ್ಲಿ ವೈರಸ್ಸು ತನ್ನದೇ ದಾರಿ ಹಿಡಿದು ಬೆಳೆಯುತ್ತಿದೆ ಎಂಬುದು ಅದರ ಮೇಲೆ ಕಟ್ಟಿದ ವಾದ. ಸಂಗತಿ ನಿಜವಾಗಿದ್ದೂ ವಾದ ಸುಳ್ಳಾಗಬಹುದು. ಎಚ್‌ಐವಿ ಸಂಶೋಧನೆಯಲ್ಲಿ ಹಾಗೆ ಆಗಿದ್ದು ಒಂದೆರಡು ಸಲವಲ್ಲ.

ವೈರಸ್ಸು ಇಷ್ಟೊಂದು ಬದಲಾಗುವುದೇಕೆ ಎಂಬುದು ಈಗ ಸಾಕಷ್ಟು ಸ್ಪಷ್ಟ. ಎಚ್‌ಐವಿ ತನ್ನ ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲು ಮಾಡಿ ನಮ್ಮ ಕೋಶದ ವರ್ಣತಂತುವಿನೊಳಗೆ ಸೇರಿಸುತ್ತದೆ. ನಕಲು ಮಾಡುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬ ಕಿಣ್ವಕ್ಕೆ ಬರೆದದ್ದನ್ನು ತಿದ್ದುವ ಶಕ್ತಿಯಿಲ್ಲ. ಸುಮಾರು 30,000 ಅಕ್ಷರಕ್ಕೆ ಒಂದು ತಪ್ಪು ಮಾಡುತ್ತದೆ. ವೈರಸ್ಸಿನ ಇಡೀ ಜೀನೋಮ್ ಇರುವುದು 9,700 ಅಕ್ಷರದಷ್ಟು. ಹಾಗಾಗಿ ಮೂರು ನಕಲು ತೆಗೆದರೆ ಒಂದರಲ್ಲಿ ತಪ್ಪು. ಚಿಕಿತ್ಸೆಯಿಲ್ಲದ ದೇಹದಲ್ಲಿ ದಿನವೊಂದಕ್ಕೆ ಸಾವಿರ ಕೋಟಿಯಷ್ಟು ಹೊಸ ವೈರಸ್ ಕಣಗಳು ಹುಟ್ಟುತ್ತವೆ ಎಂದು 1996ರಲ್ಲಿ ಲೆಕ್ಕ ಹಾಕಲಾಯಿತು. ಜೊತೆಗೆ, ಒಂದೇ ಕೋಶಕ್ಕೆ ಎರಡು ಬಗೆಯ ವೈರಸ್ಸು ಹೊಕ್ಕರೆ ಅವು ಬೆರೆತು ಮೂರನೆಯದೊಂದು ಹುಟ್ಟಬಹುದು.

ಇಷ್ಟೆಲ್ಲ ವೈವಿಧ್ಯ ಶುರುವಾಗುವುದು ಬಹುಮಟ್ಟಿಗೆ ಒಂದೇ ಕಣದಿಂದ. ಹೊಸದಾಗಿ ಸೋಂಕು ತಗುಲಿದ 102 ಮಂದಿಯ ವೈರಸ್ಸನ್ನು ಓದಿದ 2008ರ ಅಮೆರಿಕದ ಅಧ್ಯಯನವೊಂದರಲ್ಲಿ ಮುಕ್ಕಾಲು ಪಾಲು ಜನರಿಗೆ ಸೋಂಕು ಬಂದದ್ದು ಒಂದೇ ಒಂದು ವೈರಸ್ಸಿನಿಂದ ಎಂದು ಕಂಡುಬಂತು. ಅಲ್ಲಿಂದ ಮುಂದೆ ವೈರಸ್ಸಿನ ಹೊರಕವಚದ ಜೀನ್ ಮೊದಲ ಕೆಲವು ವರ್ಷ ವರ್ಷಕ್ಕೆ ಶೇ 1ರಷ್ಟು ದೂರ ಸರಿಯುತ್ತ ಹೋಗುತ್ತದೆ. ಹೀಗಾಗಿ ಒಬ್ಬ ವ್ಯಕ್ತಿಯೊಳಗಿನ ವೈರಸ್ಸುಗಳಿಗೆಲ್ಲ ಒಂದು ವಂಶವೃಕ್ಷ ಬರೆಯಬಹುದು. ಯಾವುದು ಯಾವುದರಿಂದ, ಯಾವ ಕ್ರಮದಲ್ಲಿ ಕವಲೊಡೆಯಿತು ಎಂದು ಊಹಿಸಬಹುದು. ಅಂಗಾಂಶಗಳ ನಡುವಿನ ವ್ಯತ್ಯಾಸದ ಕುರಿತ ಚರ್ಚೆಯೆಲ್ಲ ನಡೆಯುವುದು ಈ ಮರದ ಮೇಲೆ.

ಮರವನ್ನು ಓದುವ ಕ್ರಮ ಇದು. ಒಬ್ಬನೇ ರೋಗಿಯ ರಕ್ತದಿಂದ ಇಪ್ಪತ್ತು, ಮಿದುಳು, ಬೆನ್ನುಹುರಿಗಳನ್ನು ಸುತ್ತುವರಿದ ಬೆನ್ನಿನ ನೀರಿನಿಂದ ಇಪ್ಪತ್ತು ಅನುಕ್ರಮಗಳನ್ನು ತೆಗೆದಿದ್ದೀರಿ ಎನ್ನಿ. ಒಟ್ಟು ನಲವತ್ತಕ್ಕೂ ಸೇರಿ ಒಂದು ಮರ ಬರೆದು ಪ್ರತಿಯೊಂದರ ತುದಿಗೆ ಅದು ಬಂದ ಜಾಗದ ಗುರುತು ಹಚ್ಚುತ್ತೀರಿ. ರಕ್ತದವೆಲ್ಲ ಒಂದು ಕೊಂಬೆಯಲ್ಲಿ, ಬೆನ್ನಿನ ನೀರಿನವೆಲ್ಲ ಇನ್ನೊಂದರಲ್ಲಿ ಕೂತರೆ ಎರಡೂ ಕಡೆಯ ಸಂತತಿಗಳು ಬೆರೆತಿಲ್ಲವೆಂದು ಅರ್ಥ. ಬೆರೆತಿದ್ದರೆ, ಈ ಮರ ಹೀಗೆ ಬೆಳೆಯಲು ವೈರಸ್ಸು ಕನಿಷ್ಠ ಎಷ್ಟು ಸಲ ಈ ಕಡೆಯಿಂದ ಆ ಕಡೆಗೆ ದಾಟಿರಬೇಕು ಎಂದು ಎಣಿಸುತ್ತೀರಿ. ಆಮೇಲೆ ಗುರುತುಗಳನ್ನು ಮನಬಂದಂತೆ ಕಲಸಿ ಮತ್ತೆ ಎಣಿಸುತ್ತೀರಿ, ಸಾವಿರಾರು ಸಲ. ಕಲಸಿದಾಗ ಬರುವುದಕ್ಕಿಂತ ನಿಜವಾದ ಮರದಲ್ಲಿ ದಾಟಿದ್ದು ತೀರ ಕಡಿಮೆಯಾದರೆ ಎರಡೂ ಜಾಗಗಳ ವೈರಸ್ಸು ಬೇರೆಬೇರೆ ಎಂದು ತೀರ್ಪು. ಸ್ಲಾಟ್ಕಿನ್ ಮತ್ತು ಮ್ಯಾಡಿಸನ್ 1989ರಲ್ಲಿ ಸೂಚಿಸಿದ ಈ ಪರೀಕ್ಷೆಯನ್ನು ಜೀವಿಗಳ ವಲಸೆಯನ್ನು ಅಳೆಯಲು ರೂಪಿಸಲಾಗಿತ್ತು. ಎಚ್‌ಐವಿಯವರು ಎರವಲು ಪಡೆದರು.

ಪರೀಕ್ಷೆ ಸೊಗಸಾಗಿದೆ, ಆದರೆ ಇಂಥವು ಒಂದಲ್ಲ ಹಲವಿವೆ. ಕೆಲವು ಮರದ ಆಕಾರ ನೋಡುತ್ತವೆ, ಕೆಲವು ಅನುಕ್ರಮಗಳ ನಡುವಿನ ಅಂತರವನ್ನಷ್ಟೇ ಲೆಕ್ಕ ಹಾಕುತ್ತವೆ. 2007ರಲ್ಲಿ ಸೆಲೀನ್ ಸಾರಾಟೆ ಮತ್ತು ಸಂಗಡಿಗರು ಒಂದೇ ದತ್ತಾಂಶಕ್ಕೆ ಈ ಬೇರೆಬೇರೆ ವಿಧಾನಗಳನ್ನು ಹಚ್ಚಿ ನೋಡಿದಾಗ ಉತ್ತರಗಳು ಎಲ್ಲ ಸಲವೂ ತಾಳೆಯಾಗಲಿಲ್ಲ. ಒಂದು ಹೌದು ಎಂದ ಕಡೆ ಇನ್ನೊಂದು ಅಲ್ಲ ಎಂದಿತು. ಅಂದಮೇಲೆ ಒಂದೇ ಪರೀಕ್ಷೆ ನಡೆಸಿ ತೀರ್ಮಾನ ಹೇಳಿದ ಹಳೆಯ ಪ್ರಬಂಧಗಳನ್ನು ಎಷ್ಟು ನಂಬಬೇಕು ಎಂಬುದು ಓದುವವರ ವಿವೇಕಕ್ಕೆ ಬಿಟ್ಟದ್ದು. ನಾನಂತೂ ಅರ್ಧ ನಂಬುತ್ತೇನೆ.

ಇದಕ್ಕಿಂತ ದೊಡ್ಡ ತೊಡಕು ಮರ ಬರೆಯುವುದಕ್ಕೂ ಮೊದಲೇ, ಪ್ರಯೋಗಾಲಯದ ಮೇಜಿನ ಮೇಲೆ ಇದೆ. ಅಂಗಾಂಶದ ಚೂರಿನಲ್ಲಿ ವೈರಸ್ಸಿನ ಪ್ರತಿಗಳು ಕೆಲವೇ ಇರುತ್ತವೆ. ಪಿಸಿಆರ್ ಯಂತ್ರ ಅವನ್ನು ಕೋಟಿಗಟ್ಟಲೆ ಮಾಡಿಕೊಡುತ್ತದೆ. ಹಳೆಯ ಕ್ರಮದಲ್ಲಿ ಹಾಗೆ ಹೆಚ್ಚಿಸಿದ ರಾಶಿಯಿಂದ ಇಪ್ಪತ್ತನ್ನು ಹೆಕ್ಕಿ ಓದುತ್ತಿದ್ದರು. ಮೊದಲಿಗೆ ಇದ್ದದ್ದೇ ಎರಡು ಪ್ರತಿಯಾದರೆ ಆ ಇಪ್ಪತ್ತೂ ಅವೆರಡರ ನಕಲುಗಳೇ. ಒಂದೇ ಮನೆಯ ಇಪ್ಪತ್ತು ಜನರನ್ನು ಕೇಳಿ ಇಡೀ ಊರಿನ ಅಭಿಪ್ರಾಯವೆಂದು ಬರೆದುಕೊಂಡ ಹಾಗೆ. ಮರದಲ್ಲಿ ಅವು ಒಟ್ಟಿಗೆ ಕೂರುತ್ತವೆ, ಅಂಗಾಂಶದ್ದೇ ಒಂದು ಕೊಂಬೆ ಎಂಬ ಭ್ರಮೆ ಹುಟ್ಟುತ್ತದೆ. ಸಿಯಾಟಲ್‌ನ ಜೇಮ್ಸ್ ಮುಲಿನ್ಸ್ ಅವರ ತಂಡ 1996ರಲ್ಲೇ ಈ ಎಚ್ಚರಿಕೆ ಕೊಟ್ಟಿತ್ತು.

ಪರಿಹಾರ ಇಲ್ಲದಿಲ್ಲ. ಮಾದರಿಯನ್ನು ಎಷ್ಟು ತೆಳುವಾಗಿಸಬೇಕೆಂದರೆ, ಪರೀಕ್ಷಾ ತಟ್ಟೆಯ ಹತ್ತು ಗುಳಿಗಳಿಗೆ ಹಾಕಿದರೆ ಮೂರರಲ್ಲಷ್ಟೇ ವೈರಸ್ಸು ಸಿಗಬೇಕು. ಆಗ ಸಿಕ್ಕ ಗುಳಿಯಲ್ಲಿ ಇದ್ದದ್ದು ಬಹುಪಾಲು ಒಂದೇ ಪ್ರತಿ ಎಂಬ ಭರವಸೆ ಸಂಭವನೀಯತೆಯ ಲೆಕ್ಕದಿಂದ ಬರುತ್ತದೆ. ಒಂದೊಂದು ಗುಳಿಯೂ ಬೇರೆ ಬೇರೆ ಮೂಲಪ್ರತಿ. ದುಬಾರಿ, ನಿಧಾನ, ಕೈ ಸೋಲುವ ಕೆಲಸ. 2005ರ ನಂತರ ಬಂದ ಒಳ್ಳೆಯ ಅಧ್ಯಯನಗಳೆಲ್ಲ ಬಹುಮಟ್ಟಿಗೆ ಈ ದಾರಿ ಹಿಡಿದಿವೆ. ಅದಕ್ಕೂ ಹಿಂದಿನ ಎಷ್ಟೋ ಪ್ರತ್ಯೇಕ ಕೊಂಬೆಗಳು ಪಿಸಿಆರ್ ನೆಟ್ಟವೇ ಹೊರತು ದೇಹ ಬೆಳೆಸಿದವಲ್ಲ ಎಂಬುದು ನನ್ನ ಅನಿಸಿಕೆ.

ಪ್ರಯೋಗಾಲಯದ ತಪ್ಪನ್ನೆಲ್ಲ ತೆಗೆದ ಮೇಲೂ ವ್ಯತ್ಯಾಸ ಉಳಿದರೆ? ಆಗಲೂ ಅವಸರ ಬೇಡ. ಸೋಂಕು ತಗುಲಿದ ಕೋಶ ಸಾಯದೆ ಉಳಿದು, ತನ್ನ ಪಾಡಿಗೆ ಇಬ್ಭಾಗವಾಗುತ್ತ ಹೋದರೆ ಪ್ರತಿ ಮರಿಕೋಶದಲ್ಲೂ ಅದೇ ವೈರಸ್ಸಿನ ಡಿಎನ್‌ಎ ಇರುತ್ತದೆ. ಅದನ್ನು ನಕಲು ಮಾಡುವುದು ನಮ್ಮದೇ ಕೋಶದ ಯಂತ್ರ. ಅದು ತಪ್ಪು ತಿದ್ದುತ್ತದೆ, ಹಾಗಾಗಿ ಪ್ರತಿಗಳೆಲ್ಲ ಅಕ್ಷರಶಃ ಒಂದೇ. ಇಲ್ಲಿ ವೈರಸ್ಸು ಹೊಸ ಕೋಶಕ್ಕೆ ಹರಡಿಲ್ಲ, ವಿಕಾಸವಾಗಿಲ್ಲ, ಔಷಧಿಯನ್ನು ಮೀರಿಲ್ಲ. ಕೋಶ ಹೆಚ್ಚಾಗಿದೆ, ವೈರಸ್ಸು ಅದರ ಜೊತೆ ಹೆಚ್ಚಾಗಿದೆ. ಆದರೂ ಮರದಲ್ಲಿ ನೋಡಿದರೆ ಆ ಅಂಗಾಂಶದ್ದೇ ಒಂದು ಕೊಂಬೆ ಎದ್ದು ಕಾಣುತ್ತದೆ.

ಇದಕ್ಕೆ ಅಲುಗಾಡದ ಪುರಾವೆ ಸಿಕ್ಕಿದ್ದು 2014ರಲ್ಲಿ, ಸೈನ್ಸ್ ಪತ್ರಿಕೆಯಲ್ಲಿ ಬಂದ ಎರಡು ಪ್ರಬಂಧಗಳಿಂದ. ಮನುಷ್ಯನ ಜೀನೋಮಿನಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ವೈರಸ್ಸು ಅದರಲ್ಲಿ ಎಲ್ಲಿ ಬೇಕಾದರೂ ಹೋಗಿ ಸೇರಿಕೊಳ್ಳಬಹುದು. ಎರಡು ಕೋಶಗಳಲ್ಲಿ ಅಕ್ಷರವೂ ಆಚೀಚೆಯಾಗದೆ ಒಂದೇ ಜಾಗದಲ್ಲಿ ವೈರಸ್ಸು ಸೇರಿದ್ದರೆ ಅವು ಎರಡು ಪ್ರತ್ಯೇಕ ಸೋಂಕುಗಳಾಗಿರುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಎರಡೂ ಒಂದೇ ಕೋಶದ ಮರಿಗಳೇ ಇರಬೇಕು. ಅಮೆರಿಕದ ಎರಡು ತಂಡಗಳು ಹಲವು ವರ್ಷ ಚಿಕಿತ್ಸೆಯಲ್ಲಿದ್ದವರ ಕೋಶಗಳಲ್ಲಿ ಈ ಜಾಗಗಳನ್ನು ಹುಡುಕಿದಾಗ ಒಂದೇ ಜಾಗ ಮತ್ತೆ ಮತ್ತೆ ಸಿಕ್ಕಿತು. ಬಿಎಸಿಎಚ್2, ಎಂಕೆಎಲ್2ನಂಥ ಜೀನ್‌ಗಳ ಒಳಗೆ ಸೇರಿದ್ದ ಕೋಶಗಳು ವಿಶೇಷವಾಗಿ ಹೆಚ್ಚಿದ್ದವು. ಕೋಶದ ಬೆಳವಣಿಗೆಗೆ ಸಂಬಂಧಪಟ್ಟ ಜೀನ್‌ಗಳು ಅವು.

ಸುಳಿವು ಮೊದಲೇ ಇತ್ತು ಎನ್ನಬೇಕು. ಪ್ಯಾರಿಸ್ಸಿನವರು ಗುಲ್ಮದ ಚುಕ್ಕೆಗಳಲ್ಲಿ ವೈರಸ್ಸನ್ನಷ್ಟೇ ಅಲ್ಲ, ಅಲ್ಲಲ್ಲೇ ವೃದ್ಧಿಯಾಗುತ್ತಿದ್ದ ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳನ್ನೂ ಕಂಡಿದ್ದರು. 2009ರಲ್ಲಿ ಸಿಯಾಟಲ್‌ನ ಮಾರ್ಟಾ ಬುಲ್ ಮತ್ತು ಸಂಗಡಿಗರು ಗರ್ಭಕಂಠದ ಬೇರೆಬೇರೆ ಭಾಗಗಳಿಂದ ಮಾದರಿ ತೆಗೆದಾಗ ತದ್ರೂಪಿ ವೈರಸ್ಸುಗಳ ಗುಂಪುಗಳು ಸಿಕ್ಕವು. ಅಂಥವೇ ರಕ್ತದಲ್ಲೂ ಇದ್ದವು. ಸೋಂಕಿತ ಕೋಶಗಳೇ ದ್ವಿಗುಣಗೊಳ್ಳುತ್ತಿರಬೇಕು ಎಂದು ಅವರು ಬರೆದರು. ಎದೆಹಾಲಿನ ಮೇಲಿನ 2010ರ ಅಧ್ಯಯನವೂ ಇದೇ ತೆರನಾದದ್ದು. ಹಾಲಿನ ವೈರಸ್ಸು ರಕ್ತದ್ದಕ್ಕಿಂತ ಅಷ್ಟೇನೂ ದೂರವಿರಲಿಲ್ಲ, ಒಂದೇ ರೀತಿಯ ಪ್ರತಿಗಳ ಗೊಂಚಲುಗಳಿದ್ದವು ಅಷ್ಟೆ. ಕರುಳಿನ ವಿಷಯದಲ್ಲಿ ಮೊದಲು ಬೇರೆ ಎಂದವರಿದ್ದರು. 2011ರ ಒಂದು ಅಧ್ಯಯನ ರಕ್ತಕ್ಕೂ ಕರುಳಿಗೂ ಅಂಥ ವ್ಯತ್ಯಾಸವಿಲ್ಲ ಎಂದಿತು.

ಈಗ ಮಿದುಳಿಗೆ ಬರೋಣ. ಇಲ್ಲಿ ನನ್ನ ಅನುಮಾನ ಸೋಲುತ್ತದೆ.

ಮಿದುಳಿಗೆ ರಕ್ತದ ಕಡೆಯಿಂದ ಒಂದು ತಡೆಗೋಡೆಯಿದೆ. ಟಿ ಕೋಶಗಳು ಅಲ್ಲಿಗೆ ವಿರಳವಾಗಿ ಹೋಗುತ್ತವೆ. ಅಲ್ಲಿ ಎಚ್‌ಐವಿಗೆ ಸಿಗುವುದು ಮ್ಯಾಕ್ರೋಫೇಜ್ ಮತ್ತು ಮೈಕ್ರೋಗ್ಲಿಯಾ ಎಂಬ ಭಕ್ಷಕ ಕೋಶಗಳು. ಎಚ್‌ಐವಿ ಕೋಶದೊಳಗೆ ಹೋಗಲು ಹಿಡಿಯುವ ಸಿಡಿ4 ಎಂಬ ಪ್ರೋಟೀನು ಟಿ ಕೋಶದ ಮೇಲೆ ದಂಡಿಯಾಗಿರುತ್ತದೆ, ಈ ಭಕ್ಷಕ ಕೋಶಗಳ ಮೇಲೆ ತೀರ ಕಡಿಮೆ. ರಕ್ತದಲ್ಲಿ ಸುಖವಾಗಿರುವ ವೈರಸ್ಸಿಗೆ ಇಲ್ಲಿ ಬಾಗಿಲು ಸಿಗುವುದು ಕಷ್ಟ. ಕಡಿಮೆ ಸಿಡಿ4 ಇದ್ದರೂ ಒಳಗೆ ಹೋಗಬಲ್ಲಂತೆ ಹೊರಕವಚ ಬದಲಾದ ವೈರಸ್ಸು ಮಾತ್ರ ಇಲ್ಲಿ ಚೆನ್ನಾಗಿ ಬದುಕುತ್ತದೆ.

ಹೀಗೆಂದು ಮರ ನೋಡಿ ಹೇಳಿದ್ದಲ್ಲ. ಮ್ಯಾಸಚೂಸೆಟ್ಸ್‌ನ ಪಾಲ್ ಕ್ಲಾಫಮ್ ಅವರ ತಂಡ 2004ರಲ್ಲಿ, ಏಡ್ಸ್‌ನಿಂದ ತೀರಿಕೊಂಡವರ ಮಿದುಳು ಮತ್ತು ದುಗ್ಧಗ್ರಂಥಿ ಎರಡರಿಂದಲೂ ವೈರಸ್ಸಿನ ಹೊರಕವಚದ ಜೀನ್ ತೆಗೆದು, ಅವನ್ನು ಹೊತ್ತ ವೈರಸ್ಸುಗಳನ್ನು ತಯಾರಿಸಿ ಭಕ್ಷಕ ಕೋಶಗಳ ಮೇಲೆ ಬಿಟ್ಟಿತು. ಮಿದುಳಿನಿಂದ ಬಂದವು ಸಲೀಸಾಗಿ ಒಳಹೊಕ್ಕವು. ಅದೇ ವ್ಯಕ್ತಿಗಳ ದುಗ್ಧಗ್ರಂಥಿಯಿಂದ ಬಂದ ಹೆಚ್ಚಿನವಕ್ಕೆ ಅದು ಆಗಲಿಲ್ಲ. ಅನುಕ್ರಮ ಬೇರೆ, ನಡತೆಯೂ ಬೇರೆ. ಕೋಶಗಳ ಬರೀ ದ್ವಿಗುಣವಾಗಲಿ ಪಿಸಿಆರ್‌ನ ಮಿತಿಯಾಗಲಿ ಇಂಥ ಗುಣಭೇದವನ್ನು ಹುಟ್ಟಿಸಲಾರವು.

ಇನ್ನೊಂದು ಪುರಾವೆ ಕಾಲದ್ದು. ಚಿಕಿತ್ಸೆ ಶುರು ಮಾಡಿದರೆ ರಕ್ತದ ವೈರಸ್ಸು ದಡದಡನೆ ಇಳಿಯುತ್ತದೆ. ವೈರಸ್ಸನ್ನು ಉತ್ಪಾದಿಸುವ ಟಿ ಕೋಶಗಳಲ್ಲಿ ಅರ್ಧದಷ್ಟು ಒಂದೆರಡು ದಿನದಲ್ಲೇ ಸಾಯುವುದರಿಂದ, ಹೊಸ ಕೋಶಕ್ಕೆ ಹರಡುವುದು ನಿಂತ ಕೂಡಲೆ ಉತ್ಪಾದನೆಯೂ ಕುಸಿಯುತ್ತದೆ. ನಾರ್ತ್ ಕೆರೊಲೈನಾದ ರೊನಾಲ್ಡ್ ಸ್ವಾನ್‌ಸ್ಟ್ರಾಮ್ ಅವರ ಗುಂಪು ಎಚ್‌ಐವಿಯಿಂದ ಬುದ್ಧಿಮಾಂದ್ಯಕ್ಕೆ ಒಳಗಾದವರ ಬೆನ್ನಿನ ನೀರನ್ನು ಚಿಕಿತ್ಸೆಯ ಮೊದಲ ದಿನಗಳಲ್ಲಿ ಪರೀಕ್ಷಿಸಿ 2009ರಲ್ಲಿ ವರದಿ ಮಾಡಿತು. ರಕ್ತದ್ದಕ್ಕಿಂತ ಬೇರೆಯಾಗಿದ್ದ ವೈರಸ್ಸು ಕೆಲವರಲ್ಲಿ ನಿಧಾನವಾಗಿ ಇಳಿಯಿತು. ಅಂದರೆ ಅದನ್ನು ಉತ್ಪಾದಿಸುತ್ತಿದ್ದದ್ದು ಬೇಗ ಸಾಯದ ಕೋಶ. ಭಕ್ಷಕ ಕೋಶದ ಕಡೆಗೇ ಬೆರಳು. ಉಳಿದವರಲ್ಲಿ ಅದು ರಕ್ತದಲ್ಲಿ ಇಳಿದಷ್ಟೇ ಬೇಗ ಇಳಿಯಿತು. ಮಿದುಳಿನಲ್ಲಿ ಸಹ ಎಲ್ಲರದ್ದೂ ಒಂದೇ ಕತೆಯಲ್ಲ. ಮರ, ಕೋಶದ ಪ್ರಯೋಗ, ಇಳಿಕೆಯ ವೇಗ ಈ ಮೂರೂ ಒಂದೇ ಕಡೆ ಬೊಟ್ಟು ಮಾಡಿದಾಗ ವ್ಯತ್ಯಾಸಕ್ಕೆ ಅರ್ಥ ಬರುತ್ತದೆ. ನಾನು ಒಪ್ಪುವ ಮಟ್ಟ ಇದು.

ಇಲ್ಲಿ ಕರ್ನಾಟಕದ್ದೂ ಒಂದು ಪಾಲಿದೆ. ಭಾರತದಲ್ಲಿ ಹರಡಿರುವುದು ಬಹುಪಾಲು ಎಚ್‌ಐವಿಯ ಸಿ ಉಪವಿಧ. ಅಮೆರಿಕ, ಯುರೋಪುಗಳ ಅಧ್ಯಯನಗಳಲ್ಲಿ ಹೆಚ್ಚಿನವು ಬಿ ಉಪವಿಧದವು. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ತೊಂಬತ್ತರ ದಶಕದಲ್ಲೇ ಒಂದು ವಿಚಿತ್ರ ಗಮನಿಸಿದ್ದರು: ಪಾಶ್ಚಾತ್ಯ ಪುಸ್ತಕಗಳು ಹೇಳುವಷ್ಟು ಎಚ್‌ಐವಿ ಬುದ್ಧಿಮಾಂದ್ಯ ನಮ್ಮ ರೋಗಿಗಳಲ್ಲಿ ಕಾಣುತ್ತಿರಲಿಲ್ಲ. 2004ರಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಉದಯಕುಮಾರ್ ರಂಗ ಮತ್ತು ಸಂಗಡಿಗರು ಒಂದು ಕಾರಣ ಮುಂದಿಟ್ಟರು. ವೈರಸ್ಸಿನ ಟ್ಯಾಟ್ ಎಂಬ ಪ್ರೋಟೀನಿನ 31ನೆಯ ಸ್ಥಾನದಲ್ಲಿ ಸಿ ಉಪವಿಧದ ಹೆಚ್ಚಿನ ತಳಿಗಳಿಗೆ ಸಿಸ್ಟೀನ್ ಎಂಬ ಅಮೈನೊ ಆಮ್ಲದ ಬದಲು ಸೀರೀನ್ ಇದೆ. ಆ ಒಂದು ಬದಲಾವಣೆಯಿಂದ ಭಕ್ಷಕ ಕೋಶಗಳ ಪೂರ್ವಜರಾದ ಮಾನೊಸೈಟ್‌ಗಳನ್ನು ತನ್ನತ್ತ ಸೆಳೆಯುವ ಟ್ಯಾಟ್‌ನ ಶಕ್ತಿ ಕುಂದುತ್ತದೆ. ಅಂಥ ಕೋಶಗಳು ಕಡಿಮೆ ಬಂದರೆ ಮಿದುಳಿನ ಹಾನಿಯೂ ಕಡಿಮೆ.

ಚೊಕ್ಕ ವಿವರಣೆ. ಆದರೆ ಇದನ್ನು ಕೇಳಿದ ಕೆಲವರು ಸಿ ಉಪವಿಧ ಮಿದುಳಿಗೆ ಏನೂ ಮಾಡದು ಎಂಬಲ್ಲಿಗೆ ಹೋದರು. ನಿಮ್ಹಾನ್ಸ್‌ನವರೇ 2007ರಲ್ಲಿ ವಿವರವಾದ ಮನೋವೈಜ್ಞಾನಿಕ ಪರೀಕ್ಷೆ ನಡೆಸಿದಾಗ, ತೀವ್ರ ಬುದ್ಧಿಮಾಂದ್ಯ ಇಲ್ಲದಿದ್ದರೂ ನೆನಪು, ಗಮನ, ವೇಗಗಳಲ್ಲಿ ಕೊರತೆ ಇರುವವರು ಹಲವರು ಸಿಕ್ಕರು. ಮಲಾವಿಯ ಎಳೆಯ ಮಕ್ಕಳ ಮೇಲಿನ 2012ರ ಅಧ್ಯಯನದಲ್ಲಿ ಸಿ ಉಪವಿಧದ ವೈರಸ್ಸು ಕೂಡ ಬೆನ್ನಿನ ನೀರಿನಲ್ಲಿ ಪ್ರತ್ಯೇಕ ಕೊಂಬೆಯಾಗಿ ಕಾಣಿಸಿತು. ಒಂದು ಅಕ್ಷರದ ಬದಲಾವಣೆಯಿಂದ ಒಂದು ದೇಶದ ರೋಗಚಿತ್ರವನ್ನೆಲ್ಲ ವಿವರಿಸಿಬಿಡುವ ಆಸೆ ಸಹಜ, ಅದನ್ನು ಹತೋಟಿಯಲ್ಲಿಡುವುದು ಕಷ್ಟ.

ಮಿದುಳಿನಲ್ಲಿ ನಿಜವಾದದ್ದು ದುಗ್ಧಗ್ರಂಥಿಯಲ್ಲಿ ಯಾಕಾಗಬಾರದು ಎಂದು ಕೇಳಬಹುದು. 2016ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಪ್ರಬಂಧ ಕೇಳಿದ್ದೂ ಅದನ್ನೇ. ಸ್ಟೀವನ್ ವೊಲಿನ್ಸ್ಕಿ ಮತ್ತು ಸಂಗಡಿಗರು ಮೂವರು ರೋಗಿಗಳ ರಕ್ತ ಹಾಗೂ ದುಗ್ಧಗ್ರಂಥಿಯನ್ನು ಚಿಕಿತ್ಸೆಗೆ ಮುನ್ನ, ಮೂರು ತಿಂಗಳಿಗೆ, ಆರು ತಿಂಗಳಿಗೆ ಪರೀಕ್ಷಿಸಿದರು. ರಕ್ತದಲ್ಲಿ ವೈರಸ್ಸು ಸಿಗದಂತಾದರೂ ಅನುಕ್ರಮಗಳು ಮುಂದುಮುಂದಕ್ಕೆ ವಿಕಾಸವಾಗುತ್ತಿವೆ, ದುಗ್ಧಗ್ರಂಥಿಯಲ್ಲಿ ಸೋಂಕು ಹರಡುತ್ತಲೇ ಇದೆ ಎಂದರು. ಅವರ ವಾದಕ್ಕೆ ಒಂದು ಆಸರೆಯೂ ಇತ್ತು. ದುಗ್ಧಗ್ರಂಥಿಯಲ್ಲಿ ಕೆಲವು ಔಷಧಿಗಳ ಪ್ರಮಾಣ ರಕ್ತದಲ್ಲಿರುವುದಕ್ಕಿಂತ ಕಡಿಮೆ ಎಂದು ಕರ್ಟ್ನಿ ಫ್ಲೆಚರ್ ಅವರ ತಂಡ 2014ರಲ್ಲಿ ತೋರಿಸಿತ್ತು.

ಮರುವರ್ಷ ಅದೇ ಪತ್ರಿಕೆಯಲ್ಲಿ ರಾಬರ್ಟ್ ಸಿಲಿಸಿಯಾನೊ ಮೊದಲಾದವರು ಉತ್ತರ ಬರೆದರು. ಮಾದರಿಗಳು ಚಿಕಿತ್ಸೆಯ ಮೊದಲ ಆರು ತಿಂಗಳಿನವು. ಆ ಅವಧಿಯಲ್ಲಿ ಬೇಗ ಸಾಯುವ ಕೋಶಗಳು ಒಂದೊಂದಾಗಿ ಇಲ್ಲವಾಗುತ್ತ, ಹಳೆಯ ಸೋಂಕಿನ ದೀರ್ಘಾಯುಷಿ ಕೋಶಗಳು ಉಳಿಯುತ್ತವೆ. ಮಿಶ್ರಣ ಬದಲಾಗುತ್ತದೆ, ವೈರಸ್ಸು ಬದಲಾಗುವುದಿಲ್ಲ. ಮರದಲ್ಲಿ ಮಾತ್ರ ಅದು ವಿಕಾಸದಂತೆ ಕಾಣಬಹುದು. 2019ರಲ್ಲಿ ಬಂದ ಎರಡು ಪ್ರಬಂಧಗಳು ವರ್ಷಗಟ್ಟಲೆ ಚಿಕಿತ್ಸೆಯಲ್ಲಿದ್ದವರ ಅಂಗಾಂಶಗಳನ್ನು ನೋಡಿ, ಸೋಂಕು ಮುಂದುವರಿಯುತ್ತಿರುವ ಗುರುತು ಕಾಣಲಿಲ್ಲ, ಕಂಡದ್ದು ಕೋಶಗಳ ವೃದ್ಧಿ ಎಂದವು. ಅದಕ್ಕೂ ಮೊದಲೇ ಬೇರೊಂದು ಬಗೆಯ ಪರೀಕ್ಷೆ ನಡೆದಿತ್ತು. ಗುಟ್ಟಾಗಿ ಸೋಂಕು ಹರಡುತ್ತಿದ್ದರೆ ಇನ್ನೊಂದು ಔಷಧಿ ಸೇರಿಸಿದಾಗ ರಕ್ತದಲ್ಲಿ ಉಳಿದಿರುವ ಅತ್ಯಲ್ಪ ವೈರಸ್ಸು ಇನ್ನಷ್ಟು ಇಳಿಯಬೇಕಲ್ಲವೆ? ರಾಲ್ಟೆಗ್ರಾವಿರ್ ಸೇರಿಸಿ ನೋಡಿದರು, ಇಳಿಯಲಿಲ್ಲ. ಕೆಲವರಲ್ಲಿ ಹೊಸ ಸೋಂಕಿನ ಬೇರೊಂದು ಸೂಚಕ ತಾತ್ಕಾಲಿಕವಾಗಿ ಏರಿದ್ದನ್ನು ಸ್ಪೇನಿನ ಒಂದು ತಂಡ ಕಂಡಿತ್ತು. ಹಾಗಾಗಿ ಈ ಜಗಳ ಪೂರ್ತಿ ಮುಗಿದಿಲ್ಲ. ಆದರೂ ತಕ್ಕಡಿ ಯಾವ ಕಡೆ ವಾಲಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ವೀರ್ಯದ ವಿಷಯ ಇನ್ನೂ ಸ್ವಾರಸ್ಯಕರ. ಕೆಲವು ಪುರುಷರ ವೀರ್ಯದಲ್ಲಿ ರಕ್ತದಲ್ಲಿರುವುದಕ್ಕಿಂತ ಬೇರೆಯಾದ ವೈರಸ್ಸು ಇರುವುದನ್ನು ಒಳ್ಳೆಯ ವಿಧಾನದ ಅಧ್ಯಯನಗಳೇ ಕಂಡಿವೆ. ಚಿಕಿತ್ಸೆಯಿಂದ ವೈರಸ್ಸು ಸಿಗದಂತಾದವರಿಂದ ಸಂಗಾತಿಗೆ ಸೋಂಕು ಹರಡದು ಎಂದು 2008ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು ಘೋಷಿಸಿದಾಗ ಎದ್ದ ಆಕ್ಷೇಪಣೆಗಳಲ್ಲಿ ಇದೂ ಒಂದು: ರಕ್ತದ ವರದಿ ವೀರ್ಯಕ್ಕೆ ಹೇಗೆ ಸಾಕ್ಷಿಯಾದೀತು? ಆಕ್ಷೇಪಣೆಯಲ್ಲಿ ತರ್ಕವಿತ್ತು. ಉತ್ತರ ಸಿಗಬೇಕಾದದ್ದು ಮನುಷ್ಯರ ಬದುಕಿನಿಂದ, ಸಿಕ್ಕಿತು ಸಹ. ಚೆನ್ನೈ, ಪುಣೆಗಳೂ ಸೇರಿದ್ದ ಎಚ್‌ಪಿಟಿಎನ್ 052 ಅಧ್ಯಯನದಲ್ಲಿ 1,763 ಜೋಡಿಗಳಿದ್ದವು. ಬೇಗ ಚಿಕಿತ್ಸೆ ಶುರು ಮಾಡಿದರೆ ಸಂಗಾತಿಗೆ ಹರಡುವುದು ಶೇ 96ರಷ್ಟು ತಗ್ಗುತ್ತದೆ ಎಂದು 2011ರಲ್ಲಿ ಗೊತ್ತಾಯಿತು. 2019ರಲ್ಲಿ ಪ್ರಕಟವಾದ ಪಾರ್ಟ್‌ನರ್ 2 ಅಧ್ಯಯನ ವೈರಸ್ಸು ಸಿಗದ ಮಟ್ಟಕ್ಕೆ ಇಳಿದಿದ್ದ ಪುರುಷ ಜೋಡಿಗಳನ್ನು ಹಿಂಬಾಲಿಸಿತು. 782 ಜೋಡಿಗಳು, ಕಾಂಡೊಮ್ ಇಲ್ಲದ ಸುಮಾರು 76,000 ಸಂಭೋಗಗಳು. ಸಂಗಾತಿಯಿಂದ ಹರಡಿದ ಸೋಂಕು ಒಂದೂ ಇಲ್ಲ. ಈ ಅವಧಿಯಲ್ಲಿ 15 ಮಂದಿಗೆ ಸೋಂಕು ತಗುಲಿತ್ತು, ಆದರೆ ಅವರ ವೈರಸ್ಸು ಸಂಗಾತಿಯದ್ದಲ್ಲ. ಅದು ತಿಳಿದದ್ದು ಇದೇ ವಂಶವೃಕ್ಷದ ವಿಧಾನದಿಂದ. ಭಯ ಹುಟ್ಟಿಸಿದ ಉಪಕರಣವೇ ಭಯ ನೀಗಿಸಿತು. ಅನುಕ್ರಮದ ವ್ಯತ್ಯಾಸ ಇದ್ದದ್ದು ನಿಜ, ಅದರಿಂದ ಆಗುತ್ತದೆಂದು ಹೆದರಿದ್ದು ಆಗಲಿಲ್ಲ.

ಹಾಗಾದರೆ ಈ ಅಧ್ಯಯನಗಳೆಲ್ಲ ವ್ಯರ್ಥವೆ? ಖಂಡಿತ ಅಲ್ಲ. ಎಚ್‌ಐವಿಯನ್ನು ಹತೋಟಿಯಲ್ಲಿಡುವುದರ ಆಚೆ, ದೇಹದಿಂದಲೇ ತೊಲಗಿಸುವ ಮಾತು ಬಂದರೆ ರಕ್ತ ತೀರ ಬಡ ಸಾಕ್ಷಿ. ದೇಹದ ಲಿಂಫೊಸೈಟ್ ಎಂಬ ರೋಗನಿರೋಧಕ ಕೋಶಗಳಲ್ಲಿ ರಕ್ತದಲ್ಲಿರುವುದು ನೂರಕ್ಕೆ ಎರಡರಷ್ಟು. ಉಳಿದವು ಕರುಳು, ದುಗ್ಧಗ್ರಂಥಿ, ಗುಲ್ಮಗಳಲ್ಲಿ. ಬಾಸ್ಟನ್‌ನಲ್ಲಿ ಕ್ಯಾನ್ಸರ್‌ಗಾಗಿ ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡಿದ್ದ ಇಬ್ಬರ ರಕ್ತದಲ್ಲಿ ಎಷ್ಟು ಹುಡುಕಿದರೂ ವೈರಸ್ಸು ಸಿಗಲಿಲ್ಲ. ಮಾತ್ರೆ ನಿಲ್ಲಿಸಿದರು. ಒಬ್ಬರಲ್ಲಿ ಮೂರು ತಿಂಗಳಿಗೆ, ಇನ್ನೊಬ್ಬರಲ್ಲಿ ಎಂಟು ತಿಂಗಳಿಗೆ ವೈರಸ್ಸು ಮರಳಿತು. ಹುಟ್ಟಿದ ಕೂಡಲೆ ಚಿಕಿತ್ಸೆ ಪಡೆದು ಗುಣವಾಯಿತೆಂದು 2013ರಲ್ಲಿ ಸುದ್ದಿಯಾದ ಮಿಸಿಸಿಪ್ಪಿಯ ಮಗುವಿನಲ್ಲಿ ಔಷಧಿ ಬಿಟ್ಟು 27 ತಿಂಗಳ ಬಳಿಕ ಅದು ಮತ್ತೆ ಕಾಣಿಸಿಕೊಂಡಿತು. ಎಲ್ಲಿತ್ತು ಎಂಬುದಕ್ಕೆ ರಕ್ತದಲ್ಲಿ ಉತ್ತರವಿರಲಿಲ್ಲ.

ಇದಕ್ಕೆ ಅಂಗಾಂಶವೇ ಬೇಕು, ಬದುಕಿರುವವರ ಮಿದುಳನ್ನಾಗಲಿ ಗುಲ್ಮವನ್ನಾಗಲಿ ಕೊಯ್ಯಲಾಗದು. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 2017ರಿಂದ ನಡೆಯುತ್ತಿರುವ ‘ಲಾಸ್ಟ್ ಗಿಫ್ಟ್’ ಯೋಜನೆಯಲ್ಲಿ, ಬೇರೆ ಕಾಯಿಲೆಯಿಂದ ಸಾವಿನ ಅಂಚಿನಲ್ಲಿರುವ ಎಚ್‌ಐವಿ ಸೋಂಕಿತರು ತಮ್ಮ ದೇಹವನ್ನು ಸಂಶೋಧನೆಗೆ ಕೊಡಲು ತಾವೇ ಮುಂದೆ ಬರುತ್ತಾರೆ. ಸಾವಿನ ಆರು ಗಂಟೆಯೊಳಗೆ ಅಂಗಾಂಶ ತೆಗೆಯಬೇಕು, ತಡವಾದರೆ ಆರ್‌ಎನ್‌ಎ ಹಾಳಾಗುತ್ತದೆ. ಆರು ಮಂದಿಯ ಅಂಗಾಂಶಗಳನ್ನು ಓದಿದ 2020ರ ವರದಿ ಪ್ರಕಾರ ವೈರಸ್ಸಿನ ಡಿಎನ್‌ಎ ದೇಹದ ಬಹುತೇಕ ಎಲ್ಲ ಕಡೆ ಇತ್ತು, ಒಂದೇ ವೈರಸ್ಸಿನ ಪ್ರತಿಗಳು ಪರಸ್ಪರ ದೂರದ ಅಂಗಗಳಲ್ಲೂ ಸಿಕ್ಕವು. ಸೋಂಕಿತ ಕೋಶಗಳು ಪ್ರಯಾಣ ಮಾಡುತ್ತವೆ. ಹೀಗಿರುವಾಗ ಯಾವುದೋ ಒಂದು ಅಂಗದಲ್ಲಿ ವೈರಸ್ಸಿನ ಕೋಟೆಯಿದೆ, ಅದನ್ನು ಹಿಡಿದರೆ ಗೆದ್ದಂತೆ ಎಂಬ ಕಲ್ಪನೆ ನಿಲ್ಲುವುದಿಲ್ಲ.

ನಮ್ಮಲ್ಲೂ ಇಂಥ ಕೆಲಸಕ್ಕೆ ನೆಲೆಯಿದೆ. ನಿಮ್ಹಾನ್ಸ್‌ನಲ್ಲಿ 1995ರಿಂದ ಮಾನವ ಮಿದುಳು ಸಂಗ್ರಹಾಲಯ ನಡೆಯುತ್ತಿದೆ. ಅಲ್ಲಿಯ ಸಂಗ್ರಹದಿಂದ ಸಿ ಉಪವಿಧದ ಮಿದುಳಿನ ಪರಿಣಾಮಗಳ ಬಗ್ಗೆ ಅಧ್ಯಯನಗಳು ಬಂದಿವೆ. ಜಗತ್ತಿನ ಎಚ್‌ಐವಿ ಸೋಂಕುಗಳಲ್ಲಿ ಅರ್ಧದಷ್ಟು ಸಿ ಉಪವಿಧದವು. ಅಂಗಾಂಶಗಳ ಕುರಿತ ನಮ್ಮ ತಿಳಿವಳಿಕೆಯ ದೊಡ್ಡ ಪಾಲು ಬಂದಿರುವುದು ಬಿ ಉಪವಿಧದಿಂದ. ಈ ಅಂತರ ತುಂಬಬೇಕಾದವರು ಬೆಂಗಳೂರು, ಪುಣೆ, ಚೆನ್ನೈಗಳವರೇ. ಅಮೆರಿಕದ ಪ್ರಬಂಧಗಳನ್ನು ನಮ್ಮ ರೋಗಿಗಳಿಗೆ ಹಾಗೇ ಅನ್ವಯಿಸುತ್ತ ಕೂರುವುದು ಸೋಮಾರಿತನ.

ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಕೇಂದ್ರಕ್ಕೆ ಹೋಗಿ ಬರುವವರಿಗೆ ಇದರಲ್ಲೆಲ್ಲ ಬೇಕಾದದ್ದು ಸ್ವಲ್ಪವೇ. ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ಸಿನ ಪ್ರಮಾಣ, ಸಿಗದ ಮಟ್ಟದಲ್ಲಿದ್ದರೆ ಚಿಕಿತ್ಸೆ ಕೆಲಸ ಮಾಡುತ್ತಿದೆ. ಅಂಗಾಂಶದ ವೈರಸ್ಸು ಬೇರೆ ಎಂಬ ಸುದ್ದಿ ಕೇಳಿ ಮಾತ್ರೆ ಬಿಡುವುದಕ್ಕಾಗಲಿ, ಇನ್ನೊಂದು ಮಾತ್ರೆ ಸೇರಿಸಿಕೊಡಿ ಎಂದು ಕೇಳುವುದಕ್ಕಾಗಲಿ ಕಾರಣವಿಲ್ಲ. ಆದರೆ ಮಿದುಳು ಮಾತ್ರ ಇದಕ್ಕೆ ಹೊರತು. ರಕ್ತದಲ್ಲಿ ವೈರಸ್ಸು ಸಿಗದಿದ್ದರೂ ಬೆನ್ನಿನ ನೀರಿನಲ್ಲಿ, ಔಷಧಿಗೆ ಬಗ್ಗದ ರೂಪದಲ್ಲಿ ಸಿಗುವುದು ವಿರಳವಾಗಿ ಉಂಟು. ಫ್ರಾನ್ಸ್, ಅಮೆರಿಕಗಳಿಂದಷ್ಟೇ ಅಲ್ಲ, ಅಹಮದಾಬಾದಿನಿಂದಲೂ ಇಂಥ ವರದಿಗಳಿವೆ. ಔಷಧಿ ಬದಲಿಸಿದರೆ ಬಹಳಷ್ಟು ರೋಗಿಗಳು ಸುಧಾರಿಸುತ್ತಾರೆ. ಹಾಗಾಗಿ ತಪ್ಪದೆ ಮಾತ್ರೆ ತೆಗೆದುಕೊಳ್ಳುವ, ರಕ್ತದ ವರದಿ ಚೆನ್ನಾಗಿರುವ ಒಬ್ಬರಿಗೆ ಮರೆವು ಹೆಚ್ಚುತ್ತಿದ್ದರೆ, ನಡಿಗೆ ತಡವರಿಸುತ್ತಿದ್ದರೆ, ಫಿಟ್ಸ್ ಬಂದರೆ ಅದನ್ನು ವಯಸ್ಸಿನ ಮೇಲೋ ಚಿಂತೆಯ ಮೇಲೋ ಹಾಕಿ ಸುಮ್ಮನಿರಬೇಡಿ. ನರರೋಗ ತಜ್ಞರಿಗೆ ತೋರಿಸಿ, ಬೆನ್ನಿನ ನೀರಿನ ಪರೀಕ್ಷೆ ಬೇಕೆ ಎಂದು ಕೇಳಿ.